ಕೆಲಸದಲ್ಲಿ ಕೈಗೆ ಪೆಟ್ಟಾದರೆ: ಮೊದಲ ಗಂಟೆಯಿಂದ ಪರಿಹಾರದವರೆಗೆ

ಪೀಣ್ಯದ ಸಣ್ಣ ಕಾರ್ಖಾನೆಯ ಪವರ್ ಪ್ರೆಸ್ ಆಗಲಿ, ಮಂಡ್ಯದ ಆಲೆಮನೆಯ ಗಾಣವಾಗಲಿ, ಬೆರಳನ್ನು ಒಳಗೆಳೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಬೆರಳು ಉಳಿಯುತ್ತದೆಯೇ, ಮುಂದೆ ಪರಿಹಾರ ಕೈಸೇರುತ್ತದೆಯೇ ಎಂಬುದು ಬಹುಮಟ್ಟಿಗೆ ಆ ದಿನವೇ ನಿರ್ಧಾರವಾಗಿಬಿಡುವುದರಿಂದ, ಪಕ್ಕದ ಯಂತ್ರದಲ್ಲಿ ದುಡಿಯುವವರಿಗೂ ಈ ಕ್ರಮ ತಿಳಿದಿರಬೇಕು.

ಮೊದಲು ರಕ್ತ, ನಂತರ ಬೆರಳು

ಮೇನ್ ಸ್ವಿಚ್ ಆರಿಸಿ 108ಕ್ಕೆ ಕರೆ ಮಾಡಿ. ಗಾಯದ ಮೇಲೆ ಒಗೆದ ಬಟ್ಟೆಯಿಟ್ಟು ಬಿಗಿಯಾಗಿ ಒತ್ತಿ, ಕೈಯನ್ನು ಎದೆಮಟ್ಟಕ್ಕಿಂತ ಮೇಲೆ ಹಿಡಿಯಿರಿ. ಕೈ ಊದಿಕೊಳ್ಳುವ ಮುನ್ನ ಉಂಗುರ, ಕಡಗ ತೆಗೆಯಿರಿ. ಅರಿಶಿನವನ್ನಾಗಲಿ ಕಾಫಿ ಪುಡಿಯನ್ನಾಗಲಿ ಮೆತ್ತಬೇಡಿ. ಅದನ್ನು ತೊಳೆದು ತೆಗೆಯುವುದರಲ್ಲೇ ವೈದ್ಯರ ಹೊತ್ತು ಹೋಗುತ್ತದೆ, ಸೋಂಕಿನ ಭಯವೂ ಹೆಚ್ಚುತ್ತದೆ. ಅರಿವಳಿಕೆ ಕೊಡಬೇಕಾಗಿ ಬರಬಹುದಾದ್ದರಿಂದ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ.

ತುಂಡಾದ ಬೆರಳು ಯಂತ್ರದ ಅಚ್ಚಿನೊಳಗೋ (ಡೈ) ಹರಿದ ಕೈಗವಸಿನೊಳಗೋ ಸಿಕ್ಕಿಕೊಂಡಿರುತ್ತದೆ, ಹುಡುಕಿ ತನ್ನಿ. ಸಲೈನ್‌ನಲ್ಲಿ, ಅದಿಲ್ಲದಿದ್ದರೆ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಅದನ್ನು ಸುತ್ತಿ, ನೀರು ಇಳಿಯದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನ ಡಬ್ಬಿಯಲ್ಲಿಡಬೇಕು. ಐಸ್ ನೇರವಾಗಿ ತಗುಲಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಹೀಗೆ ತಂಪಾಗಿಟ್ಟ ಬೆರಳನ್ನು ಸುಮಾರು 24 ಗಂಟೆಯವರೆಗೂ ಮರುಜೋಡಿಸಲು ಯತ್ನಿಸಬಹುದು. ತಂಪಿಲ್ಲದಿದ್ದರೆ ಸುಮಾರು 12 ಗಂಟೆ. ಮಾಂಸಖಂಡವಿರುವ ಭಾಗ ತುಂಡಾಗಿದ್ದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ.

ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ನನ್ನ ಅನುಭವದಲ್ಲಿ ಅತಿ ಹೆಚ್ಚು ಪ್ರಕರಣಗಳು ಸೋಲುವುದು ಇಲ್ಲಿಯೇ. ಗಾಯಾಳುವನ್ನು ಕರೆತಂದ ಮೇಸ್ತ್ರಿಯೋ ಸೂಪರ್‌ವೈಸರೋ ‘ಮನೆಯಲ್ಲಿ ಜಾರಿ ಬಿದ್ದ’ ಎಂದು ಬರೆಸುತ್ತಾನೆ; ನೋವಿನಲ್ಲಿರುವ ಹುಡುಗ ಸುಮ್ಮನಿರುತ್ತಾನೆ. ಎರಡು ಬೆರಳು ಕಳೆದುಕೊಂಡಿದ್ದ ಒಬ್ಬ ಯುವಕನ ಡಿಸ್ಚಾರ್ಜ್ ಪತ್ರವನ್ನು ನಾನೇ ಓದಿದ್ದೇನೆ. ಅದರಲ್ಲಿ ‘ಬಾಗಿಲಿಗೆ ಸಿಕ್ಕಿ ಗಾಯ’ ಎಂದಿತ್ತು. ಪ್ರೆಸ್ ಜಜ್ಜಿದ ಬೆರಳನ್ನು ಬಾಗಿಲಿನ ಗಾಯವೆನ್ನುವ ಆ ಒಂದು ಸಾಲನ್ನು ಸುಳ್ಳೆಂದು ಸಾಬೀತು ಮಾಡುವ ಹೊರೆ ಪೂರ್ತಿ ಅವನ ತಲೆಯ ಮೇಲೆಯೇ ಬಿತ್ತು. ಆದ್ದರಿಂದ ಯಾವ ಯಂತ್ರ, ಯಾವ ಕಾರ್ಖಾನೆ, ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಗಾಯಾಳುವೇ ಅಥವಾ ನಂಬಿಕಸ್ಥ ಸಹೋದ್ಯೋಗಿಯೇ ಹೇಳಿ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಲು ಕೇಳಿ, ಬರೆದದ್ದನ್ನು ಓದಿಸಿಕೊಳ್ಳಬೇಕು. ಯಂತ್ರದ ಫೋಟೊ, ಅದಕ್ಕೆ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ) ಇತ್ತೇ ಇರಲಿಲ್ಲವೇ ಎಂಬುದು ಕಾಣುವಂತೆ, ಅದೇ ದಿನ ತೆಗೆದಿಡಿ. ಮರುದಿನ ಹೊಸ ಗಾರ್ಡ್ ಬಂದಿರುತ್ತದೆ. ಹಾಜರಿ ಚೀಟಿ, ಸಂಬಳ ಬಂದ ಬ್ಯಾಂಕ್ ಸಂದೇಶ, ಜೊತೆಯಲ್ಲಿದ್ದವರ ಹೆಸರು, ಇವೂ ಬೇಕಾಗುತ್ತವೆ.

ಇಎಸ್‌ಐ ಇದ್ದರೆ

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಈ ಸೌಲಭ್ಯವುಂಟು; ಮಾಲೀಕರು ವಂತಿಗೆ ಕಟ್ಟಿಲ್ಲವೆಂಬುದು ಕಾರ್ಮಿಕರ ತಪ್ಪಲ್ಲ. ಅಪಘಾತದ ವರದಿಯನ್ನು ಮಾಲೀಕರು ಇಎಸ್‌ಐ ಶಾಖಾ ಕಚೇರಿಗೆ ಕಳಿಸಬೇಕು. ಅವರು ಕಳಿಸದಿದ್ದರೆ ನೀವೇ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಗಾಯ ಮಾಯುವವರೆಗೆ ದಿನಗೂಲಿಯ ಸುಮಾರು 90% ಸಿಗುತ್ತದೆ. ನಂತರ ವೈದ್ಯಕೀಯ ಮಂಡಳಿ ಗಳಿಕೆ ಸಾಮರ್ಥ್ಯದ ನಷ್ಟವನ್ನು ಅಳೆಯುತ್ತದೆ. ದಿನಕ್ಕೆ 600 ರೂಪಾಯಿ ದುಡಿಯುತ್ತಿದ್ದವರ ನಷ್ಟ 30% ಎಂದಾದರೆ, 540ರ 30%, ಅಂದರೆ ದಿನಕ್ಕೆ 162 ರೂಪಾಯಿ ಜೀವನಪೂರ್ತಿ ಬರುತ್ತದೆ. ಬೇರೆ ಕೆಲಸ ಹಿಡಿದರೂ ಅದು ನಿಲ್ಲುವುದಿಲ್ಲ. ಮಂಡಳಿಯ ತೀರ್ಮಾನ ಕಡಿಮೆಯೆನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಇಎಸ್‌ಐ ಇಲ್ಲದಿದ್ದರೆ

ಆಗ ಪರಿಹಾರದ ಹೊಣೆ ನೇರವಾಗಿ ಮಾಲೀಕರದು. 1923ರ ನೌಕರರ ಪರಿಹಾರ ಕಾಯ್ದೆಯ ಈ ವ್ಯವಸ್ಥೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಗಳಿಕೆ ಸಾಮರ್ಥ್ಯದ ನಷ್ಟ ಹೆಬ್ಬೆರಳು ಹೋದರೆ 30%, ತೋರುಬೆರಳು ಪೂರ್ತಿ ಹೋದರೆ 14%, ನಡುಬೆರಳಿಗೆ 12%, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7%, ಒಂದೇ ಕೈಯ ನಾಲ್ಕು ಬೆರಳಿಗೆ 50% ಎಂದು ಕಾನೂನಿನ ಅನುಸೂಚಿಯೇ ಹೇಳುತ್ತದೆ. ಲೆಕ್ಕ ಹೀಗೆ: ಸಂಬಳದ 60%ಅನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಿ, ಬಂದದ್ದರಲ್ಲಿ ನಷ್ಟದ ಪಾಲು ತೆಗೆಯಬೇಕು. 2020ರ ಜನವರಿಯಲ್ಲಿ ನಿಗದಿಯಾದಂತೆ, ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ತಿಂಗಳಿಗೆ 15,000 ರೂಪಾಯಿ. ಅಷ್ಟು ಪಡೆಯುವ 25 ವರ್ಷದವರ ಗುಣಕ 216.91, 9,000 ರೂಪಾಯಿಯನ್ನು ಅದರಿಂದ ಗುಣಿಸಿದರೆ 19,52,190, ಹೆಬ್ಬೆರಳಿಗೆ ಅದರ 30%, ಅಂದರೆ 5,85,657 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ.

ಈ ಮೊತ್ತ ತಿಳಿಯದ ಕಾರಣಕ್ಕೇ ಎಷ್ಟೋ ಮಂದಿ ಇಪ್ಪತ್ತು ಸಾವಿರಕ್ಕೆ ಒಪ್ಪಿ ಖಾಲಿ ಕಾಗದಕ್ಕೆ ಸಹಿ ಹಾಕುತ್ತಾರೆಂಬುದು ನನಗೆ ಬಹಳ ಸಂಕಟದ ಸಂಗತಿ. ಹಕ್ಕು ಬಿಟ್ಟುಕೊಟ್ಟೆನೆಂಬ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಆದರೂ ಸಹಿ ಹಾಕಬೇಡಿ. ಗುತ್ತಿಗೆದಾರನ ಮೂಲಕ ಬಂದವರು, ಒಡಿಶಾ, ಬಿಹಾರಗಳಿಂದ ಬಂದವರು ಮೂಲ ಮಾಲೀಕರಿಂದಲೇ ಕೇಳಬಹುದು. ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಸಲ್ಲಿಸಿಬಿಡಿ.

ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಆ ಮೊದಲ ದಿನದ ಆಸ್ಪತ್ರೆ ಚೀಟಿ ಜೊತೆಗಿರಲಿ.