ಇಸ್ರೇಲಲ್ಲಿ ಬರ್ಗರಾಂಚ್‌ಗೆ ಹೋಗೋ ಮುಂಚೆ ತಿಳ್ಕೊಂಡಿರಿ

ಮಂಗಳೂರು, ಉಡುಪಿ ಕಡೆಯಿಂದ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿಗೆ ಬಂದಿರೋ ನಮ್ಮೋರು ತುಂಬಾ ಜನ ಇದ್ದಾರೆ, ಹೊಸಬರಿಗೆ ಕೋಶರ್ (ಯಹೂದಿ ಧರ್ಮದ ಊಟದ ನಿಯಮಕ್ಕೆ ಸರಿಹೋಗೋದು) ಅನ್ನೋದು ಮೊದಮೊದಲು ತಲೆಬುಡ ಅರ್ಥ ಆಗಲ್ಲ, ಅದಕ್ಕೇ ಇದು.

ಬರ್ಗರಾಂಚ್ ಇಲ್ಲಿನದೇ ಬರ್ಗರ್ ಅಂಗಡಿಗಳ ಕಂಪನಿ, 1972ರಲ್ಲಿ ಶುರುವಾಗಿದ್ದು. ಮೆಕ್‌ಡೊನಾಲ್ಡ್ಸ್ ಈ ದೇಶಕ್ಕೆ ಬಂದಿದ್ದೇ 1993ರಲ್ಲಿ. 2010ರಲ್ಲಿ ಬರ್ಗರ್ ಕಿಂಗ್ ಇಲ್ಲಿಂದ ಹೋದಾಗ ಅವರ ಅಂಗಡಿಗಳೇ ಬರ್ಗರಾಂಚ್ ಆದ್ವು (ಆಮೇಲೆ 2016ರಲ್ಲಿ ಅವರೂ ವಾಪಸ್ ಬಂದ್ರು ಬಿಡಿ). ನನಗಂತೂ ಈ ಊರಿನ ಕಂಪನಿ ಹೀಗೆ ಗಟ್ಟಿಯಾಗಿ ನಿಂತಿರೋದು ಇಷ್ಟ.

ಈಗ ಮುಖ್ಯ ವಿಷಯ. ಬ್ರ್ಯಾಂಡ್ ಹೆಸರು ನೋಡಿ ಕೋಶರ್ ಅಂದ್ಕೋಬೇಡಿ, ಯಾಕಂದ್ರೆ ಕೋಶರ್ ಸರ್ಟಿಫಿಕೇಟ್ ಕೊಡೋದು ಒಂದೊಂದು ಬ್ರಾಂಚಿಗೆ ಬೇರೆಬೇರೆ, ಸಾಮಾನ್ಯವಾಗಿ ಆಯಾ ಊರಿನ ರಬ್ಬಿಗಳ (ಯಹೂದಿ ಧರ್ಮಗುರುಗಳ) ಆಫೀಸಿಂದ. ಕ್ಯಾಶ್ ಕೌಂಟರ್ ಹತ್ರ ಅಥವಾ ಬಾಗಿಲಲ್ಲಿ ಫ್ರೇಮ್ ಹಾಕಿ ತೂಗುಹಾಕಿರ್ತಾರೆ, ಅದರಲ್ಲಿ ಅಂಗಡಿ ಹೆಸರು, ಅಡ್ರೆಸ್, ಯಾವ ತಾರೀಖಿನವರೆಗೆ ನಡೆಯತ್ತೆ ಅಂತ ಇರತ್ತೆ. ತಾರೀಖು ಮುಗಿದಿದ್ರೆ ಲೆಕ್ಕಕ್ಕಿಲ್ಲ. ಹೀಬ್ರೂ ಬರದಿದ್ರೆ ಫೋನಲ್ಲಿ ಫೋಟೋ ತೆಗೆದು ಟ್ರಾನ್ಸ್‌ಲೇಟ್ ಮಾಡ್ಕೊಳ್ಳಿ.

ಟೈಮಿಂದು ಇನ್ನೊಂದು ತಲೆನೋವು. ನಮಗೆ ರಜೆ ಸಿಗೋದು ಹೆಚ್ಚಾಗಿ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ, ಯಹೂದಿಗಳ ವಾರದ ಧಾರ್ಮಿಕ ವಿಶ್ರಾಂತಿ ದಿನ (ಶಬ್ಬಾತ್) ಅಂತ ಕೋಶರ್ ಅಂಗಡಿ ಮುಚ್ಚಿರೋದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು! ಹಂಗಾಗಿ ಶುಕ್ರವಾರ ಮಧ್ಯಾಹ್ನದೊಳಗೆ ಹೋಗಿ, ಇಲ್ಲಾಂದ್ರೆ ಶನಿವಾರ ಕತ್ತಲಾದ ಮೇಲೆ.

ಕೋಶರ್ ಬ್ರಾಂಚಲ್ಲಿ ಮಾಂಸದ ಜೊತೆ ಹಾಲಿಂದು ಏನೂ ಇರಲ್ಲ, ಚೀಸ್ ಅಂತ ಏನಾದ್ರೂ ಕಂಡ್ರೆ ಅದು ಹಾಲಿಲ್ಲದೆ ಮಾಡಿದ್ದು, ಕಾಫಿಗೂ ಹಾಲು ಸಿಗಲ್ಲ. ನನ್ನ ಕೇಳಿದ್ರೆ ಚೀಸ್ ಇಲ್ಲದೇ ಇರೋದೇ ಒಳ್ಳೇದು, ಮಾಂಸದ ರುಚಿ ಮುಚ್ಚಿಹೋಗಲ್ಲ. ಹ್ಯಾಂಬರ್ಗರ್ ಅಂದ್ರೆ ಬೀಫ್, ತಿನ್ನದೋರು "ಓಫ್" ಅನ್ನಿ, ಚಿಕನ್. ವೆಜ್‌ನವರು "ತ್ಸಿಮ್‌ಖೋನಿ" ಅಂತ ಕೇಳಿ, ಆದ್ರೆ ತವಾ, ಎಣ್ಣೆ ಎರಡೂ ಬೇರೆನಾ ಅಂತಾನೂ ವಿಚಾರಿಸಿ, ಕೋಶರ್ ನಿಯಮಕ್ಕೆ ಅದು ಬೇರೆ ಇರಲೇಬೇಕು ಅಂತೇನಿಲ್ಲ. ಈರುಳ್ಳಿ ಬೇಡ ಅಂದ್ರೆ "ಬ್ಲಿ ಬತ್ಸಾಲ್", ಪಾರ್ಸೆಲ್‌ಗೆ "ಲಾಕಾಖತ್", ಇಷ್ಟು ಸಾಕು.

ಪಾರ್ಸೆಲ್ ಮನೆಗೆ ತರೋದಾದ್ರೆ ಮಾತ್ರ ಸ್ವಲ್ಪ ಹುಷಾರು. ಧಾರ್ಮಿಕ ಮನೆಗಳಲ್ಲಿ ಮಾಂಸಕ್ಕೊಂದು ಸೆಟ್ ಪಾತ್ರೆ, ಹಾಲಿಗೊಂದು ಸೆಟ್, ಸಿಂಕ್ ಕೂಡ ಎರಡಿರತ್ತೆ. ಬೆಳಗ್ಗೆ ಮೊಸರು ತಿಂದ ಪ್ಲೇಟಲ್ಲಿ ಬರ್ಗರ್ ಇಟ್ರೆ ನೀವು ನೋಡ್ಕೊಳ್ಳೋ ಅಜ್ಜಿಗೆ ಆ ಪ್ಲೇಟೇ ಬೇಡ ಆಗಬಹುದು. ನಮ್ಮಲ್ಲಿ ಮಡಿ ಮೈಲಿಗೆ ನೋಡೋ ಮನೆಯಲ್ಲಿ ಬೆಳೆದೋರಿಗೆ ಇದು ಬೇಗ ತಲೆಗೆ ಹತ್ತತ್ತೆ. ಗೊತ್ತಾಗ್ಲಿಲ್ಲ ಅಂದ್ರೆ ಅದೇ ಡಬ್ಬದಲ್ಲಿ ತಿನ್ನಿ, ಅಥವಾ ಯೂಸ್ ಅಂಡ್ ಥ್ರೋ ಪ್ಲೇಟ್ ಹಾಕ್ಕೊಳ್ಳಿ, ಮೈಕ್ರೋವೇವಲ್ಲಿ ಬಿಸಿ ಮಾಡೋ ಮುಂಚೆ ಕೇಳಿ. ಅಜ್ಜಿನೂ ತಿಂತಾರೆ ಅಂದ್ರೆ ಆಮೇಲೆ ಅವರಿಗೆ ಹಾಲಿನ ಕಾಫಿ ಕೊಡೋಕೆ ಎಷ್ಟು ಹೊತ್ತು ಕಾಯ್ಬೇಕು ಅಂತ ಮೊದ್ಲೇ ಕೇಳಿಟ್ಕೊಳ್ಳಿ, ಕೆಲವು ಮನೆಲಿ 3 ಗಂಟೆ, ತುಂಬಾ ಕಡೆ 6 ಗಂಟೆ. ಇನ್ನೂ ಕೆಲವರು ಮಾಮೂಲಿ ಸರ್ಟಿಫಿಕೇಟ್ ಒಪ್ಪಲ್ಲ, "ಮೆಹದ್ರಿನ್" ಅನ್ನೋ ಇನ್ನೂ ಕಟ್ಟುನಿಟ್ಟಾದದ್ದೇ ಬೇಕು ಅಂತಾರೆ, ನೀವು ತಂದಿದ್ದು ಬೇಡ ಅಂದ್ರೆ ಬೇಜಾರ್ ಮಾಡ್ಕೋಬೇಡಿ.

ಮಾರ್ಚ್-ಏಪ್ರಿಲ್ ಹೊತ್ತಿಗೆ ಯಹೂದಿಗಳ ಪೆಸಾಖ್ ಹಬ್ಬ ಬರತ್ತೆ, ಆ 7 ದಿನ ಹುಳಿ ಬರಿಸಿ ಉಬ್ಬಿಸಿದ ಹಿಟ್ಟಿಂದು ತಿನ್ನೋ ಹಂಗಿಲ್ಲ, ಅದಕ್ಕೇ ಕೋಶರ್ ಕಡೆ ಮಾಮೂಲಿ ಗೋಧಿ ಬನ್ ಇರಲ್ಲ. ತೆರೆದಿರೋ ಕೋಶರ್ ಕಡೆಗಳಲ್ಲಿ ಆಲೂಗಡ್ಡೆ ಸ್ಟಾರ್ಚ್ ತರದ್ದರಿಂದ ಮಾಡಿರೋ ಬನ್ ಸಿಗತ್ತೆ, ಸ್ವಲ್ಪ ಪುಡಿಪುಡಿ ಆಗತ್ತೆ, ಟಿಶ್ಯೂ ಜಾಸ್ತಿ ಇಸ್ಕೊಳ್ಳಿ. ಹೊರಗಿನ ಬ್ರೆಡ್ಡು, ಬಿಸ್ಕತ್ತು ಬ್ಯಾಗಲ್ಲಿದ್ರೆ ಆ ವಾರ ಅಂಗಡಿ ಒಳಗೆ ತೆಗೀಬೇಡಿ.