ಧಾರವಾಡದಲ್ಲಿ ಕೂತು ಹಳೆಯ ನಕ್ಷತ್ರಗಳ ಬಿಸಿ ನೋಡಿದ್ದು

ಜೂನ್‌ನಿಂದ ಸೆಪ್ಟೆಂಬರ್ ತನಕ ಧಾರವಾಡದಲ್ಲಿ ಟೆಲಿಸ್ಕೋಪ್ ಹೊರಗೆ ತೆಗೆಯುವ ಮಾತೇ ಇಲ್ಲ. ಜಿಟಿಜಿಟಿ ಮಳೆ, ಇಲ್ಲವೇ ಮೋಡ. ಹಾಗಂತ ಸುಮ್ನೆ ಕೂರಬೇಕಿಲ್ಲ. 2015ರಲ್ಲಿ ಇಸ್ರೋ ಹಾರಿಸಿದ ನಮ್ಮ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ತೆಗೆದ ಚಿತ್ರಗಳು ಬೆಂಗಳೂರು ಹತ್ತಿರದ ಬ್ಯಾಲಾಳು ದತ್ತಾಂಶ ಕೇಂದ್ರದಲ್ಲಿವೆ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಎನ್‌ಜಿಸಿ 288 ಎಂಬ ಗೋಳಗುಚ್ಛದ (ಚೆಂಡಿನಂತೆ ಒತ್ತಾಗಿ ಸೇರಿದ ಹಳೆಯ ನಕ್ಷತ್ರಗಳ ಗುಂಪು) ಬಿಸಿ ನಕ್ಷತ್ರಗಳನ್ನು ಮನೆಯ ಲ್ಯಾಪ್‌ಟಾಪ್‌ನಲ್ಲೇ ಹೆಕ್ಕಿ ತೆಗೆದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು, ಹಳೆಯ ನಕ್ಷತ್ರ ಬಿಸಿ ಯಾಕೆ? ಈ ಗುಚ್ಛದ ವಯಸ್ಸು ಸಾವಿರ ಕೋಟಿ ವರ್ಷಕ್ಕಿಂತ ಜಾಸ್ತಿ. ದೊಡ್ಡ ನಕ್ಷತ್ರಗಳೆಲ್ಲ ಯಾವಾಗಲೋ ಮುಗಿದುಹೋಗಿವೆ. ಈಗ ಮುಪ್ಪಿಗೆ ಬರುತ್ತಿರುವುದು ಸೂರ್ಯನ ಸುಮಾರು 0.8 ಪಟ್ಟು ತೂಕದವು. ಅವು ಉಬ್ಬಿ ಕೆಂಪು ದೈತ್ಯಗಳಾಗುತ್ತವೆ, ಆ ಹೊತ್ತಿನಲ್ಲಿ ಮೇಲಿನ ಜಲಜನಕವನ್ನು ಒಂದಷ್ಟು ಕಳೆದುಕೊಳ್ಳುತ್ತವೆ. ಆಮೇಲೆ ಒಳಗಿನ ಹೀಲಿಯಂ ಹೊತ್ತಿಕೊಳ್ಳುತ್ತದೆ. ಒಳತಿರುಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಸೂರ್ಯನ ಅರ್ಧ ತೂಕ. ವ್ಯತ್ಯಾಸ ಇರುವುದು ಮೇಲುಳಿದ ಹೊದಿಕೆಯಲ್ಲಿ. ಅದು ತೆಳುವಾದಷ್ಟೂ ಮೇಲ್ಮೈ ಬಿಸಿ. ತೀರಾ ತೆಳುವಾದರೆ 20,000 ಕೆಲ್ವಿನ್ ದಾಟುತ್ತದೆ. ನಮ್ಮ ಸೂರ್ಯನದು 5,800ರ ಆಸುಪಾಸು.

ಎನ್‌ಜಿಸಿ 288 ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಸುಮಾರು 29,000 ಬೆಳಕಿನ ವರ್ಷ ದೂರ, ಆದರೆ ಗುಂಪು ಸಡಿಲ. ಆಕಾಶಗಂಗೆಯ ಪಟ್ಟಿಯಿಂದ ದೂರ ಇರುವುದರಿಂದ ನಡುವೆ ಧೂಳೂ ಕಡಿಮೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ದೂರ ನೇರಳಾತೀತದ (ಫಾರ್ ಅಲ್ಟ್ರಾವಯೊಲೆಟ್) ಚಿತ್ರ ತೆರೆದಾಗ ಪಕ್ಕದಲ್ಲಿ ಅಣ್ಣಿಗೇರಿಯ ನನ್ನ ವಿದ್ಯಾರ್ಥಿ ಕೂತಿದ್ದ. ಮಾಮೂಲಿ ಬೆಳಕಿನ ಚಿತ್ರ ಮೊದಲೇ ನೋಡಿದ್ದ, ಅದರ ತುಂಬ ನಕ್ಷತ್ರ. ಇಲ್ಲಿ ಕಪ್ಪು ಪರದೆಯ ಮೇಲೆ ಬಿಡಿಬಿಡಿ ಚುಕ್ಕಿಗಳು. "ಉಳಿದವೆಲ್ಲಾ ಎಲ್ಲಿ ಹೋದುವ್ರಿ ಸರ್?" ಅಂದ. ಕೆಂಪು ದೈತ್ಯಗಳು ಈ ಬೆಳಕನ್ನು ಸೂಸುವುದೇ ಇಲ್ಲ ಅನ್ನಬೇಕು, ಹಾಗಾಗಿ ಮಾಯ. ಉಳಿದವು ಬಿಸಿ ನಕ್ಷತ್ರಗಳು ಮಾತ್ರ. ಗುಚ್ಛದ ನಡುಭಾಗದಲ್ಲೂ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ. ಈ ಚಿತ್ರ ತೆಗೆದ, ಆಸ್ಟ್ರೋಸ್ಯಾಟ್‌ನಲ್ಲಿರುವ ಯುವಿಐಟಿ ಎಂಬ ನೇರಳಾತೀತ ದೂರದರ್ಶಕದ ಕನ್ನಡಿ 38 ಸೆಂ.ಮೀ. ಅಷ್ಟೇ, ಆದರೂ ಚಿತ್ರ ಅಷ್ಟು ಚೊಕ್ಕ.

ಮುಂದಿನ ಹೆಜ್ಜೆ, ಈ ಚುಕ್ಕಿಗಳನ್ನು ನಕ್ಷತ್ರಗಳ ಜಾಗ, ಚಲನೆ ಅಳೆದ ಯುರೋಪಿನ ಗಾಯಾ ಉಪಗ್ರಹದ ಪಟ್ಟಿಗೆ ಹೊಂದಿಸುವುದು. ಇಲ್ಲಿ ಒಂದು ಮಾತು ನೆನಪಿಡಿ. ಎರಡೂ ಕಡೆ ಅತಿ ಪ್ರಕಾಶದ ನಕ್ಷತ್ರಗಳನ್ನು ಹಿಡಿದು ಹೊಂದಿಸಿದರೆ ಕೂರುವುದಿಲ್ಲ. ಗಾಯಾದಲ್ಲಿ ಮುಂದಿರುವವು ಕೆಂಪು ದೈತ್ಯಗಳು, ಅವು ನಮ್ಮ ಚಿತ್ರದಲ್ಲೇ ಇಲ್ಲವಲ್ಲ. ಗಾಯಾ ಪಟ್ಟಿಯಲ್ಲಿ ನೀಲಿ ಇದ್ದವನ್ನು ಮೊದಲು ಬೇರ್ಪಡಿಸಿ, ಅವುಗಳಿಂದ ಚಿತ್ರ ಹೊಂದಿಸಿ. ಥಟ್ಟನೆ ಕೂರುತ್ತದೆ.

ಗುಚ್ಛಕ್ಕೆ ಸೇರದವನ್ನು ಚಲನೆಯಿಂದ ಗುರುತಿಸಬಹುದು. ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ದಿಕ್ಕಿನ ಚಲನೆಯನ್ನು ಗೆರೆ ಹಾಳೆಯಂತೆ ಹರಡಿದರೆ 4.2 ಮತ್ತು -5.7ರ ಹತ್ತಿರ ದಟ್ಟ ಗಂಟೊಂದು ಕಾಣುತ್ತದೆ. ಮೌಲ್ಯ ವರ್ಷಕ್ಕೆ ಮಿಲಿ ಆರ್ಕ್‌ಸೆಕೆಂಡ್‌ನಲ್ಲಿ, ಅಂದರೆ ಆಕಾಶದಲ್ಲಿ ತೀರಾ ಚಿಕ್ಕ ಕೋನದ ಅಳತೆಯಲ್ಲಿ. ಆ ಗಂಟೇ ಗುಚ್ಛ. ಪ್ರಕಾಶ ಲೆಕ್ಕ ಹಾಕುವಾಗ ಯುವಿಐಟಿಯ 2020ರ ಪರಿಷ್ಕೃತ ಶೂನ್ಯಬಿಂದುವನ್ನೇ (ಚಿತ್ರದ ಎಣಿಕೆಯನ್ನು ಪ್ರಕಾಶದ ಅಳತೆಗೆ ಬದಲಿಸುವ ಸಂಖ್ಯೆ) ಬಳಸಿ, ಹಳೆಯದು ಬೇಡ.

ಈಗ ನಕ್ಷೆ, ಅಂದರೆ ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಪ್ರಕಾಶ ಇಟ್ಟು ನಕ್ಷತ್ರಗಳನ್ನು ಗುರುತಿಸಿದ ಚಿತ್ರ. ಮಾಮೂಲಿ ಬೆಳಕಿನಲ್ಲಿ ಬಿಸಿ ಹೆಚ್ಚಿದಂತೆ ನಕ್ಷತ್ರ ಮಂಕಾಗುತ್ತ, ಸಾಲು ಕೆಳಗೆ ಬಾಲದಂತೆ ಇಳಿಯುತ್ತದೆ. ಬಣ್ಣದಲ್ಲಿ ಹೆಚ್ಚು ಫರಕೇ ಗೊತ್ತಾಗುವುದಿಲ್ಲ. ನೇರಳಾತೀತ ಸೇರಿಸಿದ ಕೂಡಲೇ ಆ ಬಾಲ ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. 8,000 ಕೆಲ್ವಿನ್‌ನದು ಎಲ್ಲಿ, 15,000ದ್ದು ಎಲ್ಲಿ ಅಂತ ಕಣ್ಣಿಗೇ ತಿಳಿಯುತ್ತದೆ. ಇದನ್ನು ನೋಡಿದ ಸಂಜೆ ನನಗೆ ಊಟದ ನೆನಪೇ ಬರಲಿಲ್ಲ.

11,500 ಕೆಲ್ವಿನ್ ದಾಟಿದ ಮೇಲೆ ನಕ್ಷತ್ರದ ಬೆಳಕು ಲೆಕ್ಕ ಹಾಕುವ ಸರಳ ಮಾದರಿ ಹೊಂದುವುದಿಲ್ಲ. ಅಲ್ಲಿ ಮೇಲ್ಪದರ ಕದಡದೆ ನಿಂತುಬಿಡುತ್ತದೆ. ಹೀಲಿಯಂ ಕೆಳಗೆ ಇಳಿಯುತ್ತದೆ, ಕಬ್ಬಿಣವನ್ನು ಬೆಳಕೇ ಮೇಲಕ್ಕೆ ತಳ್ಳುತ್ತದೆ. ಗುಚ್ಛದಲ್ಲಿ ಕಬ್ಬಿಣ ಸೂರ್ಯನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಆದರೆ ಈ ನಕ್ಷತ್ರಗಳ ಮೇಲ್ಮೈಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಮಾದರಿ ಆರಿಸುವಾಗ ಇದನ್ನು ಮರೆಯಬಾರದು.

ದೊಡ್ಡ ಪ್ರಶ್ನೆ ಗೆಲಾಕ್ಸಿಗಳದ್ದು. 1968ರಲ್ಲಿ ಹಾರಿದ ಓಎಒ-2 ಎಂಬ ನಾಸಾ ಉಪಗ್ರಹ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದಲ್ಲಿ ನಿರೀಕ್ಷೆಗಿಂತ ಹೆಚ್ಚು ನೇರಳಾತೀತ ಬೆಳಕು ಕಂಡಿತು. ಅಲ್ಲಿರುವುದು ಬಹುತೇಕ ಹಳೆಯ ನಕ್ಷತ್ರಗಳು. ತೆಳು ಹೊದಿಕೆಯ ಬಿಸಿ ನಕ್ಷತ್ರಗಳೇ ಅದರ ಮುಖ್ಯ ಮೂಲ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ದೂರದ ಗೆಲಾಕ್ಸಿಯಲ್ಲಿ ಒಂದೊಂದನ್ನೂ ಬಿಡಿಸಿ ನೋಡಲಾಗುವುದಿಲ್ಲ. ಗುಚ್ಛದಲ್ಲಿ ಆಗುತ್ತದೆ.

ಸದ್ಯ ನಾನೂ ಆ ಹುಡುಗನೂ ಎನ್‌ಜಿಸಿ 362 ಎಂಬ ಇನ್ನೊಂದು ಗುಚ್ಛ ಹಿಡಿದಿದ್ದೇವೆ. ಕಬ್ಬಿಣದ ಪಾಲು ಹೆಚ್ಚುಕಡಿಮೆ 288ರಷ್ಟೇ. ಆದರೂ ಅಲ್ಲಿ ಹೀಲಿಯಂ ಉರಿಸುವ ಹಂತದ ನಕ್ಷತ್ರಗಳು ಹೆಚ್ಚಾಗಿ ಕೆಂಪು, ಅಂದರೆ ತಂಪು ಕಡೆ ಇವೆ. ವಯಸ್ಸಿನ ಫರಕೋ, ಹೀಲಿಯಂ ಫರಕೋ, ಎರಡೂ ಸೇರಿಯೋ, ಎರಡು ಗುಚ್ಛಗಳನ್ನೂ ಒಂದೇ ನಕ್ಷೆಯಲ್ಲಿಟ್ಟು ನೋಡಬೇಕು. ಧಾರವಾಡದಿಂದ ನೋಡಿದರೆ 362 ದಕ್ಷಿಣದ ದಿಗಂತ ಬಿಟ್ಟು ಮೇಲೇಳುವುದೇ ಇಲ್ಲ ಅನ್ನಬಹುದು. ಆಸ್ಟ್ರೋಸ್ಯಾಟ್‌ಗೆ ಆ ತೊಂದರೆ ಇಲ್ಲ.