ಶಾಲಿನಡಿ ಕೂತ ಹುಡುಗಿ ಮಾಯ

ಕುರ್ಚಿಯಲ್ಲಿ ಕೂತವಳಿಗೆ ಶಾಲು ಹೊದಿಸುವುದು, ಎಳೆದರೆ ಕುರ್ಚಿ ಖಾಲಿ! ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲಿ ತೆಗೆದ ಸುಮಾರು ಒಂದು ನಿಮಿಷದ ಮೂಕಿಚಿತ್ರ ಇದು. ಮೆಲಿಯೆಸ್ ಮೂಲತಃ ಜಾದೂಗಾರ. ಪ್ಯಾರಿಸ್ಸಿನಲ್ಲಿ ಸ್ವಂತ ಜಾದೂ ಥಿಯೇಟರ್ ನಡೆಸುತ್ತಿದ್ದವನು. ನೆಲದಲ್ಲಿ ಕಿಂಡಿ ಇಲ್ಲ ನೋಡಿ ಅನ್ನೋ ಹಾಗೆ ಕುರ್ಚಿಯ ಕೆಳಗೆ ಪೇಪರ್ ಬೇರೆ ಹಾಸುತ್ತಾನೆ. ಸ್ಟೇಜ್ ಮೇಲೆ ಇದೇ ಆಟಕ್ಕೆ ಕಿಂಡಿ ಬೇಕಿತ್ತು. ಸಿನಿಮಾದಲ್ಲಿ ಕ್ಯಾಮೆರಾ ನಿಲ್ಲಿಸಿ, ಅವಳು ಎದ್ದು ಹೋದ ಮೇಲೆ ಮತ್ತೆ ಶುರು ಮಾಡಿದರೆ ಆಯ್ತು.

ಅಷ್ಟೇ ತಾನೇ ಅಂದುಕೊಂಡು ನಾನೂ ತಾರಸಿಗೆ ಹೋದೆ. ತಂತಿಗೆ ಹೂವಿನ ಬೆಡ್‌ಶೀಟ್ ಕಟ್ಟಿದೆ. ಟ್ರೈಪಾಡಿನ ಮೇಲೆ ಮೊಬೈಲ್. ಮಾಯವಾಗುವವಳು ಅಕ್ಕನ ಮಗಳು. ಶಾಲು ನಮ್ಮಮ್ಮನದು, ಕೇಳದೆ ತಂದದ್ದು.

ಮೊದಲ ಸಲ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಬಟನ್ ಒತ್ತಿದ್ದಕ್ಕೇ ಮೊಬೈಲ್ ಅಲುಗಿತು. ಹುಡುಗಿ ಮಾಯವಾಗುವ ಬದಲು ಇಡೀ ಮನೆ ಪಕ್ಕಕ್ಕೆ ಜರುಗಿದಂತೆ ಕಂಡಿತು! ಎರಡನೇ ಸಲ ರೆಕಾರ್ಡಿಂಗ್ ಓಡಲು ಬಿಟ್ಟು, ನಡುವಿನದನ್ನು ಆಮೇಲೆ ಕತ್ತರಿಸಿದೆ. ಮೆಲಿಯೆಸ್ ಕೂಡ ಕತ್ತರಿಸಿ ಅಂಟಿಸುತ್ತಿದ್ದ. ಕೈಯಲ್ಲಿ ತಿರುಗಿಸುವ ಕ್ಯಾಮೆರಾ ಥಟ್ಟನೆ ನಿಲ್ಲುವುದಿಲ್ಲ, ಅಲ್ವಾ? ಪ್ಯಾರಿಸ್ಸಿನ ಬೀದಿಯಲ್ಲಿ ಕ್ಯಾಮೆರಾ ಸಿಕ್ಕಿಕೊಂಡು, ಮತ್ತೆ ಓಡುವಷ್ಟರಲ್ಲಿ ಬಸ್ಸಿದ್ದ ಜಾಗಕ್ಕೆ ಶವದ ಗಾಡಿ ಬಂದು, ಚಿತ್ರದಲ್ಲಿ ಬಸ್ಸೇ ಶವದ ಗಾಡಿಯಾದಂತೆ ಕಂಡು, ಈ ಉಪಾಯ ಹೊಳೆಯಿತು ಅಂತ ಅವನೇ ಹೇಳಿಕೊಂಡಿದ್ದ. ನಾನು ಮಾಡಿ ನೋಡಿದ ಮೇಲೆ ಅಷ್ಟು ಸಲೀಸಾಗಿ ಆಗಿರಲಾರದು ಅನ್ನಿಸುತ್ತದೆ.

ನಿಜವಾದ ಕಷ್ಟ ಕೈಯದ್ದು. ಹುಡುಗಿ ಎದ್ದು ಹೋಗುವವರೆಗೆ ಶಾಲು ಹಿಡಿದು 'ಸ್ಟ್ಯಾಚು' ಆಟದ ಥರ ನಿಲ್ಲಬೇಕು. ಅವಳು ಜಾರಿಕೊಂಡ ಕೂಡಲೇ ಶಾಲು ಜೋತುಬೀಳುತ್ತದೆ, ಅದನ್ನು ಮೊದಲಿನ ಹಾಗೇ ಉಬ್ಬಿಸಬೇಕು. ಅಷ್ಟರಲ್ಲಿ ನನ್ನ ತೋಳು ಸೋತು ನಾಲ್ಕು ಬೆರಳಿನಷ್ಟು ಇಳಿದಿರುತ್ತಿತ್ತು. ಕತ್ತರಿಸಿ ಜೋಡಿಸಿದರೆ ಕೈ ಜಿಗಿಯುತ್ತಿತ್ತು. ಕೊನೆಗೆ ನಮ್ಮವಳು ಬೆಡ್‌ಶೀಟಿನ ಹೂವು ಎಣಿಸತೊಡಗಿದಳು. "ಬಲಗೈ ಎರಡನೇ ಹೂವಿನ ಎಲೆಗೆ ತಾಗಲಿ ರೀ. ಇನ್ನೂ ಮೇಲೆ. ಹಾಂ, ಅಲ್ಲೇ!" ಅಚ್ಚಿನ ಬೆಡ್‌ಶೀಟ್ ಗ್ರಾಫ್ ಪೇಪರ್ ಆಯಿತು. ಕತ್ತರಿ ಹಾಕಿದ್ದು ಶಾಲು ಎಳೆಯಲು ಶುರು ಮಾಡುವ ಜಾಗದಲ್ಲೇ. ನೋಡುವವರ ಕಣ್ಣು ಬಟ್ಟೆಯ ಹಿಂದೆ ಹೋಗಿರುತ್ತದೆ.

ಆ ಚಿತ್ರದಲ್ಲಿ ಆಮೇಲೆ ಕುರ್ಚಿಯಲ್ಲಿ ಅಸ್ಥಿಪಂಜರ ಕೂತಿರುತ್ತದೆ. ನಮಗೆ ಸಿಕ್ಕಿದ್ದು ಬೂದುಗುಂಬಳಕಾಯಿ. ಅದಕ್ಕೆ ಕಣ್ಣು, ಮೀಸೆ ಬರೆದು ಇಡುವಷ್ಟರಲ್ಲಿ ಕಾಲು ಗಂಟೆ ಹೋಯಿತು. ನೀರಿನ ಟ್ಯಾಂಕಿನ ನೆರಳು ಗೋಡೆಯಿಂದ ಕುರ್ಚಿಯ ಹತ್ತಿರ ಬಂದಿತ್ತು. ಮೀಸೆ ಮೊದಲೇ ಬರೆದಿಟ್ಟುಕೊಳ್ಳಬೇಕಿತ್ತು. "ಮಾಮ, ನೆರಳು ಹಾರ್ತಿದೆ" ಅಂತ ಹುಡುಗಿಯೇ ಹಿಡಿದಳು. ಹಾಗೇ ಬಿಟ್ಟಿದ್ದೇವೆ.

ಈಗ ಕಣ್ಣು ಮೆಲಿಯೆಸ್‌ನ 1901ರ ಇನ್ನೊಂದು ಚಿತ್ರದ ಊದುವ ತಲೆಯ ಮೇಲಿದೆ. ಅಲ್ಲಿ ಕ್ಯಾಮೆರಾ ಕದಲುವುದಿಲ್ಲ. ತಲೆ ಊದಿದಂತೆ ಕಾಣಲು, ಕಪ್ಪು ಪರದೆಯ ಮುಂದೆ ಮೆಲಿಯೆಸ್ ಕೂತ ಗಾಡಿಯನ್ನೇ ಇಳಿಜಾರು ಹಲಗೆಯ ಮೇಲೆ ಕ್ಯಾಮೆರಾದತ್ತ ಎಳೆದಿದ್ದರು. ಹಲಗೆ ಸಿಕ್ಕಿದೆ, ಗಾಲಿ ಹುಡುಕುತ್ತಿದ್ದೇನೆ.